ಲಾಭ

ಕಲಬುರಗಿ ಗಂಜಿನಲ್ಲಿ ಮೊದಲ ಚೀಲಕ್ಕೆ
ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ.
ದಾಲ್‌ಮಿಲ್ಲಿನ ಲೆಕ್ಕಕ್ಕೆ ನಾನೂ
ಲಿಸ್ಪಿನಲ್ಲಿ ಹಾಗೇ ಬರೆದೆ.

ತೊಗರಿ ಚೀಲ ತಕ್ಕಡಿಗೆ ಬಿತ್ತು. ಲಾಭ.
ಇನ್ನೊಂದು. ಲಾಭ.
ಮತ್ತೊಂದು,
ಲಾಭ.
ಹಮಾಲ ರುಕ್ಮೊದ್ದೀನ ನಕ್ಕ:
‘ಅಕ್ಕೋರೆ, ನಿಮ್ ಮಷೀನಿಗೆ ಲುಕ್ಸಾನೇ ಗೊತ್ತಿಲ್ಲ ನೋಡ್ರಿ.’

ತಪ್ಪು ನನ್ನದೇ. ಸೊನ್ನೆಯನ್ನು
ಫಂಕ್ಷನ್ನಿನ ಹೊಟ್ಟೆಯೊಳಗೇ ಇಟ್ಟಿದ್ದೆ;
ಕರೆದಾಗಲೆಲ್ಲ ಹೊಸದಾಗಿ ಹುಟ್ಟಿ
ಉತ್ತರ ಹೇಳಿ ಸಾಯುತ್ತಿತ್ತು.
ಬಯಲಲ್ಲಿಟ್ಟರೋ, ಕಂಡಕಂಡವರ ಕೈ.

ಆಗ ಕಂಡಿದ್ದು ಅವನ ಎಡಗೈ:
ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು, ಸುತ್ತ ಮುಷ್ಟಿ.
ಚೀಲ ಬಿದ್ದಾಗ ಒಂದು ಗೆಣ್ಣು ಸರಿಯುತ್ತದೆ,
ಚಹಾ ಕುಡಿದು ಬಂದರೂ ಅಲ್ಲೇ ಇರುತ್ತದೆ.
ಆಚೆ ತಕ್ಕಡಿಯ ಮಾಪಣ್ಣನದೂ ಇದೇ ರೀತಿ,
ಎಣಿಕೆ ಮಾತ್ರ ಅವನದು ಅವನಿಗೆ.

ಸೊನ್ನೆಯನ್ನು ಒಂದು ಕಂಸ ಹೊರಗೆಳೆದೆ,
ಅದರಾಚೆ ಮತ್ತೊಂದು ಕಂಸ ಬಿಗಿದೆ.
ಲಾಭ, ಎರಡು, ಮೂರು...
ಪರದೆ ನೆನಪಿಟ್ಟುಕೊಂಡಿತು!

ಹತ್ತಾದ ಮೇಲೆ ಕರೆಂಟು ಹೋಯಿತು.
ಬಂತು. ಧೂಳಿನಲ್ಲಿ ಇನ್ನೊಂದು ಚೀಲ.
ಲಾಭ, ಅಂತು ಪರದೆ.

ರುಕ್ಮೊದ್ದೀನ ಮುಷ್ಟಿ ಬಿಚ್ಚಲಿಲ್ಲ.
‘ಹನ್ನೊಂದು,’ ಅಂದ, ‘ಬರಕೋರಿ.’