ಎಡಗೈ ಮೇಜು

ಮಾರುವವನೇ ಮೊದಲು ಹೇಳಿಬಿಟ್ಟ:
ವೈಸು ತಪ್ಪು ಬದಿಗಿದೆ, ನೋಡಿಕೊಳ್ಳಿ.
ಅದಕ್ಕೇ ಇಪ್ಪತ್ತು ಯೂರೋ ಕಡಿಮೆ.
ರಾಪ್ಲಾದಾಚೆ ಯಾರದೋ ಹುಲ್ಲಿನ ಕೊಟ್ಟಿಗೆ;
ಮೇಜಿನ ಮೇಲೆ ಕೋಳಿ ಪಿಕ್ಕೆ, ಬಿಚ್ಚಿಟ್ಟ ಟ್ರ್ಯಾಕ್ಟರಿನ ಕರುಳು,
ಬಣ್ಣದ ಡಬ್ಬಿ ಇಟ್ಟಲ್ಲೆಲ್ಲ ಬಿಳಿ ಬಳೆಗಳು.
ಹಿಲ್ವೆ ಬಗ್ಗಿ ಕಾಲು ಗುದ್ದಿ ನೋಡಿದಳು,
ಎತ್ತು ಕೊಳ್ಳುವವರು ಹಲ್ಲು ಎಣಿಸುವ ಹಾಗೆ.
ಹುಳ ತಿಂದದ್ದು ಒಂದೇ ಕಾಲು.
ಆಗಲಿ, ಎಂದಳು.

ಹಾಪ್ಸಾಲುವಿನಲ್ಲಿ ಅವಳ ಮನೆ, ಹಿಂದೆ ಸೌದೆ ಷೆಡ್ಡು.
ಮೂವತ್ತೊಂದು ವರ್ಷ ಬಸ್ಸು ಓಡಿಸಿ ಇಳಿದ ಮೇಲೆ
ಸಂಜೆ ತರಗತಿಯಲ್ಲಿ ಕಲಿತ ಮರಗೆಲಸ
ಈವರೆಗೆ ಅಡುಗೆಮನೆಯ ಮೇಜಿನ ಮೇಲೇ ನಡೆದಿತ್ತು,
ಬ್ರೆಡ್ಡಿನಲ್ಲಿ ಮರದ ಹುಡಿ ಕರಕರ ಎನ್ನುವಷ್ಟು.

ಮೊದಲ ವಾರ ಬರೀ ಮೊಳೆ.
ಇಕ್ಕಳಕ್ಕೆ ಸೋತು ಬಂದವು ನಲವತ್ತು,
ತಲೆ ಮುರಿದುಕೊಂಡು ಒಳಗೇ ಹಟ ಹಿಡಿದವು ಮೂರು.
ಹುಳುಕು ಕಾಲಿಗೆ ಹೊಸ ಬರ್ಚಿನ ತುಂಡು.
ಎರಡು ನೇರ ಪಟ್ಟಿ ಎರಡು ತುದಿಗಿಟ್ಟು
ಒಂದು ಕಣ್ಣು ಮುಚ್ಚಿ ನೋಡಿದರೆ
ಮೇಜು ಒಂದು ಮೂಲೆಗೆ ಮುಖ ಸೊಟ್ಟ ಮಾಡಿಕೊಂಡಿತ್ತು.

ಉಜ್ಜುಗೊರಡು ಹಿಡಿದಳು. ಬಲಗೈಯಲ್ಲಿ.
ಏಳನೆಯ ವರ್ಷ, ಒಂದನೆಯ ತರಗತಿ;
ಮೇ ತಿಂಗಳ ಬಿಸಿಲಲ್ಲೂ ಅವಳ ಎಡಗೈಗೆ
ಉಣ್ಣೆಯ ಗವಸು ತೊಡಿಸಿ ಮಣಿಕಟ್ಟಿಗೆ ದಾರ ಬಿಗಿದು
ಟೀಚರು ತಲೆ ಸವರಿದ್ದರು:
ಮೊದಮೊದಲು ಹಾಗೇ ಮಗೂ, ಅಭ್ಯಾಸವಾಗುತ್ತದೆ.
ಆಯಿತು ಕೂಡ.
ಅವರ ಮಾತಿನಲ್ಲಿ ಬಲಕ್ಕೆ 'ಪಾರೆಮ್' ಎನ್ನುತ್ತಾರಂತೆ,
'ಮೇಲು' ಎನ್ನಲಿಕ್ಕೂ ಅದೇ ಪದ.
ನಾವೇನು ಕಡಿಮೆ?
ಬಲವೆಂದರೇನೇ ಬಲ; ಎಡಕ್ಕೆ ಉಳಿದದ್ದು
ಎಡರು, ಎಡವಟ್ಟು, ಎಡವಿದ ಹೆಬ್ಬೆರಳು.

ಮೂರು ಸಂಜೆ ಉಜ್ಜಿದಳು. ಮರ ಒಲಿಯಲಿಲ್ಲ,
ಎಳೆ ಎದ್ದು, ಅಲಗು ತಡೆದು,
ವೈಸಿನ ಹಿಡಿ ಸೊಂಟಕ್ಕೆ ಮತ್ತೆ ಮತ್ತೆ ಬಡಿದು ನೀಲಿ.
ನಾಲ್ಕನೆಯ ಸಂಜೆ ಬೈದು ಕೆಳಗೆ ಕುಳಿತಾಗ ಕಂಡದ್ದು:
ಅಡ್ಡಪಟ್ಟಿಯ ಮೇಲೊಂದು ಸವೆತ,
ಪಾದದಗಲ, ಬೋಗುಣಿಯಷ್ಟು ನಯ;
ಮೇಲೆ, ಅಂಚಿನಲ್ಲಿ, ತೊಡೆ ತಾಗಿ ತಾಗಿ ಕರಗಿದ ಇನ್ನೊಂದು.
ಡ್ರಾಯರಿನ ತಳದಲ್ಲಿ ಪೆನ್ಸಿಲ್ಲಿನ ಲೆಕ್ಕ:
ಕಿಟಕಿ ಆರು, ಹುಟ್ಟು ನಾಲ್ಕು, ಬಾಕಿ ಹನ್ನೊಂದು.
ಹೆಸರಿಲ್ಲ.
ಅಂಕಿಗಳೆಲ್ಲ ಮಸುಕು, ಬರೆಯುತ್ತ ಬರೆಯುತ್ತ
ಬರೆದದ್ದನ್ನೇ ಒರಸುತ್ತ ಹೋದ ಅಂಗೈ.
ಆ ಮಸುಕು ಅವಳಿಗೆ ಗೊತ್ತಿತ್ತು.

ಎದ್ದು, ಸವೆತಕ್ಕೆ ಪಾದ ಕೊಟ್ಟಳು.
ಮೈ ತಾನೇ ತಿರುಗಿತು.
ಉಜ್ಜುಗೊರಡು ಯಾವಾಗ ಕೈ ಬದಲಿಸಿತೋ,
ಐವತ್ತಾರು ವರ್ಷದ ಗವಸಿನಿಂದ ಹೊರಬಂದ ಬೆರಳು
ಕೂಸಿನ ಬೆರಳಂತೆ ತಡವರಿಸಿ, ಆಮೇಲೆ ಹಿಡಿದು,
ಸುರ್ರೆಂದು ಒಂದು ಸುರುಳಿ,
ಇನ್ನೊಂದು.
ಎಡಕ್ಕೆ ಒಂದು ಎತ್ವ ಕೊಟ್ಟರೆ ಸಾಕು,
ಎಡೆ.

ಆ ಎರಡು ಸವೆತಕ್ಕೆ ಅಲಗು ಮುಟ್ಟಿಸಲಿಲ್ಲ.
ಉಳಿದದ್ದಕ್ಕೆಲ್ಲ ಅಗಸೆ ಎಣ್ಣೆ, ಮೂರು ಸಲ, ಹಳೆಯ ಬನಿಯನ್ನಿನಲ್ಲಿ.

ಅಕ್ಟೋಬರಿನಲ್ಲಿ ಪಕ್ಕದ ಮನೆಯ ವೆಲ್ಲೊ
ಕಾಲು ಮುರಿದ ಕುರ್ಚಿ ಹೊತ್ತು ಬಂದ.
ನಾನೇ ಮಾಡುತ್ತೇನೆ, ಮೇಜು ಕೊಟ್ಟರೆ ಸಾಕು, ಎಂದ.
ಎರಡು ಸಲ ಸೊಂಟಕ್ಕೆ ಬಡಿಸಿಕೊಂಡ, ಗರಗಸ ಓರೆ ಹೋಯಿತು:
ಇದೇನು ಮಾರಾಯ್ತಿ,
ಕನ್ನಡಿಯೊಳಗೆ ನಿಂತು ಕೆಲಸ ಮಾಡಿದ ಹಾಗಿದೆ!
ಮೊದಮೊದಲು ಹಾಗೇ, ಎಂದಳು ಹಿಲ್ವೆ,
ಅಭ್ಯಾಸವಾಗುತ್ತದೆ.
ಎಂದವಳು ಒಂದು ಗಳಿಗೆ ಸುಮ್ಮನಿದ್ದು,
ಬೇಡ, ಇತ್ತ ಕೊಡು, ಎಂದು ಕೈ ಚಾಚಿದಳು.
ಯಾವ ಕೈ ಎಂದು ವೆಲ್ಲೊ ನೋಡಲಿಲ್ಲ.