ಎಡಕ್ಕೆ ಮಾತ್ರ

ನಮ್ಮ ಪೋಲಿಷಿನಲ್ಲಿ ಈ ಆಟದ ಹೆಸರೇ ಕಿಟ್ಟ.
ಕುಲುಮೆ ಉಂಡು ಉಗುಳಿದ್ದನ್ನು
ಅರೆದು, ಹಾಸಿ, ನೀರು ಕುಡಿಸಿ
ಅದರ ಮೇಲೆ ಬಿಟ್ಟರು ನಾಲ್ಕು ಗಾಡಿ.
ಬ್ರೇಕಿಲ್ಲ. ಗೇರು ಒಂದೇ.
ನಾಲ್ಕು ಸುತ್ತು, ಒಂದು ನಿಮಿಷ ಚಿಲ್ಲರೆ,
ತಿರುವು ಎಡಕ್ಕೆ ಮಾತ್ರ.

ಅಪ್ಪ ವೆಲ್ಡರು, ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ.
ಮೇಸ್ತ್ರಿ ಅತ್ತ ತಿರುಗಿದ ಹೊತ್ತು ನೋಡಿ
ಹಳೇ ಟ್ರಕ್ಕಿನ ಬಂಪರು ಕೊಯ್ದು, ಬಡಿದು, ಬಗ್ಗಿಸಿ
ಲುದ್ವಿಕ್ ವ್ಜೋಸೆಕನ ಎಡಗಾಲಿಗೆ
ಉಕ್ಕಿನ ಮೆಟ್ಟು ಮಾಡಿಕೊಟ್ಟ.
ಅಳತೆ ತೆಗೆದದ್ದು ನಮ್ಮ ಅಡುಗೆಮನೆಯಲ್ಲಿ,
ಬ್ರೆಡ್ಡು ಸುತ್ತಿ ತಂದ ಕಾಗದದ ಮೇಲೆ ಪಾದ ಊರಿಸಿ.
ಕಾಲುಚೀಲ ತೂತು. ಹೆಬ್ಬೆರಳು ಇಣುಕುತ್ತಿತ್ತು.
ನನಗೆ ಹದಿಮೂರು.
ಅವನ ಮುಖ ಈಗ ಫೋಟೋದಲ್ಲಿದ್ದಷ್ಟೇ ನೆನಪು,
ಆ ಹೆಬ್ಬೆರಳು ಹಾಗಲ್ಲ.

ಭಾನುವಾರ ಪಾದ್ರಿಗೂ ಅವಸರ:
ಮೂರು ಗಂಟೆಗೆ ಮೊದಲ ಓಟ.
ಮೂರನೇ ತಿರುವಿನಲ್ಲಿ ನಮ್ಮ ಜಾಗ.
ಸಿಡಿದ ಕಿಟ್ಟ ಹಲ್ಲಿಗೆ ಸಿಕ್ಕಿ ಕರಕರ,
ಸೂರ್ಯಕಾಂತಿ ಬೀಜದ ಜೊತೆ ಅದನ್ನೂ ಅಗಿದೆವು.
ಮತ್ತೆ ಆ ಸುಟ್ಟ ಹರಳೆಣ್ಣೆಯ ವಾಸನೆ!
ಗೊತ್ತಿದ್ದವರಿಗೆ ಹೇಳಬೇಕಿಲ್ಲ,
ಗೊತ್ತಿಲ್ಲದವರಿಗೆ ಹೇಳಿ ಫಲವಿಲ್ಲ.
ಹೊಟ್ಟೆ ಕಟ್ಟಿದಾಗ ಅಮ್ಮ ಮೂಗು ಹಿಡಿದು ಕುಡಿಸಿದ್ದೂ
ಇಂಜಿನ್ನಿಗೆ ಎರೆದದ್ದೂ ಒಂದೇ ಎಣ್ಣೆ
ಎಂದು ತಿಳಿದ ದಿನ
ನಾನೂ ಒಂದು ಗಾಡಿಯಾಗಿ ಓಣಿ ಸುತ್ತಿದ್ದೆ,
ಎಡಕ್ಕೆ ಮಾತ್ರ.

ಪಟ್ಟಿ ತಟ್ಟನೆ ಮೇಲೇಳುತ್ತಿತ್ತು.
ಲುದ್ವಿಕ್, ಕೆಂಪು ಹೆಲ್ಮೆಟ್ಟು, ಒಳಗಿನ ಗೆರೆ.
ಹ್ಯಾಂಡಲು ಬಲಕ್ಕೆ, ಗಾಡಿ ಎಡಕ್ಕೆ,
ಜಾರುವುದನ್ನೇ ನಡಿಗೆ ಮಾಡಿಕೊಂಡವನು.
ಮೆಟ್ಟು ನೆಲ ಸವರಿದಾಗ ಅಪ್ಪ ನನ್ನ ಭುಜ ಹಿಚುಕಿ
"ನೋಡೇ, ನನ್ನ ಬಂಪರು!"
ಆಮೇಲೆ ಮೂರು, ಎರಡು, ಒಂದು, ಸೊನ್ನೆ.
ಹನ್ನೆರಡು ಸಾವಿರ ಜನ ಒಟ್ಟಿಗೆ ತಲೆ ತಗ್ಗಿಸಿ
ಪುಸ್ತಿಕೆಯಲ್ಲಿ ಪೆನ್ಸಿಲಿನಿಂದ ಅಂಕ ಬರೆಯುವ ಮೌನ.
ಪರೀಕ್ಷೆಯ ಕೋಣೆಯಲ್ಲೂ ಅಂಥದ್ದು ಕಂಡಿಲ್ಲ.

ಎಪ್ಪತ್ತಮೂರು, ಆಗಸ್ಟ್. ಹನ್ನೊಂದನೇ ಓಟ.
ಹಲಗೆಬೇಲಿ.
ಅಷ್ಟೇ ಹೇಳುತ್ತೇನೆ.
ಧ್ವನಿವರ್ಧಕ ಕೆಮ್ಮಿತು:
ಓಟ ನಿಲ್ಲಲು ಕಾರಣ ಕೆಂಪು ಹೆಲ್ಮೆಟ್ಟು,
ಕೆಂಪು ಹೆಲ್ಮೆಟ್ಟು ಹೊರಗೆ, ಮೂವರಿಗೆ ಮರು ಓಟ.
ನಿಯಮ ಹಾಗೆ. ಬಿದ್ದವನದೇ ತಪ್ಪು.
ಆಂಬುಲೆನ್ಸು ಗೇಟು ದಾಟುವ ಮೊದಲೇ
ಕುಂಟೆ ಹಿಡಿದವರು ಬಂದು ಗುರುತು ಅಳಿಸಿದರು.
ಸುತ್ತ ಪೆನ್ಸಿಲುಗಳು ಅವನ ಹೆಸರಿನೆದುರು
ಒಂದೇ ಅಕ್ಷರ ಬರೆದವು, 'ಹೊರಗೆ' ಎಂಬುದರ ಮೊದಲಕ್ಷರ.
ಅಪ್ಪನೂ ಬರೆದ.
ನಾನು ಬರೆಯಲಿಲ್ಲ.

ಮೆಟ್ಟು ವಾಪಸು ಬಂತು, ಪತ್ರಿಕೆಯಲ್ಲಿ ಸುತ್ತಿ.
ಕಲ್ಲಿದ್ದಲ ಡಬ್ಬಿಯ ಹಿಂದೆ ಅದನ್ನಿಟ್ಟು
ಅಪ್ಪ ಮತ್ತೆ ಯಾರಿಗೂ ಮಾಡಿಕೊಡಲಿಲ್ಲ.
ಆಟ ನೋಡುವುದು ಮಾತ್ರ ಬಿಡಲಿಲ್ಲ, ನಾವಿಬ್ಬರೂ.

ಈಗ ಬೇಲಿಗೆ ಗಾಳಿ ತುಂಬಿದ ಮೆತ್ತೆ. ಒಳ್ಳೆಯದೇ.
ಗಾಡಿಗಳಿಗೆ ಸೈಲೆನ್ಸರು. ಇರಲಿ.
ಮೂರನೇ ತಿರುವಿಗೆ ಇಪ್ಪತ್ತಾರು ಮೆಟ್ಟಿಲು;
ಎಡಗಾಲಿನ ಮೇಲೇ ಯಾಕಿಷ್ಟು ಭಾರ ಎಂದು ಡಾಕ್ಟರು ಗದರುತ್ತಾರೆ.
ಎಷ್ಟೋ ಜನ ಬಂದರು, ಹೋದರು:
ಗೆರ್ವಾಜಿ ಪೊಕೊರಾ, ಗೇಟಿನಲ್ಲಿ ಸಿಡಿಲು, ಕೊನೇ ಸುತ್ತಲ್ಲಿ ಹಸು;
ಗೆದ್ದರೂ ನಗದ ಡೆನ್ಮಾರ್ಕಿನವನೊಬ್ಬ;
ಯೂಲಿಯಾನ್ ಶ್ಚೆರ್ಬಾ, ಹುಲ್ಲು ಕತ್ತರಿಸುವ ಯಂತ್ರ
ರಿಪೇರಿ ಮಾಡಿಕೊಂಡು ಇಲ್ಲೇ ಇದ್ದಾನೆ.
ಆ ಓಟದ ಬಿಳಿ ಹೆಲ್ಮೆಟ್ಟು ಅವನೇ.
ನನ್ನ ಕಂಡರೆ ಪ್ಲಗ್ಗು ಒರೆಸುತ್ತ ಮೋಡದ ಮಾತಾಡುತ್ತಾನೆ.

ಈ ವಸಂತದಲ್ಲಿ, ಬೆನ್ನು ಹಾಕಿಕೊಂಡೇ, ಕೇಳಿದ:
"ಆವತ್ತಿನ ಮರು ಓಟ... ನನಗೆಷ್ಟು ಬರೆದಿದ್ದೀಯ?"
ಮೂರು, ಎಂದೆ.
ಸುಳ್ಳು. ಆ ಸಾಲೇ ಖಾಲಿ.
ತಲೆಯಾಡಿಸಿದ. ಬ್ಲೇಡು ಮಸೆದು ಕೊಟ್ಟ.
ದುಡ್ಡು ಮುಟ್ಟಲಿಲ್ಲ.