ತಂಪಿನಂಗಡಿಯಲ್ಲಿ ಉಗಿ

ಪೆನ್ಷನ್ ಮೊಹಲ್ಲಾದಲ್ಲಿ ನನ್ನ ಬೋರ್ಡು ನೋಡಿರಬಹುದು:
ಗೌಸ್ ರೆಫ್ರಿಜರೇಶನ್. ಕೆಳಗೊಂದು ಪೆಂಗ್ವಿನ್,
ಬಿಸಿಲಿಗೆ ಹೊಟ್ಟೆಯ ಬಿಳಿ ಸುಲಿದು
ಈಗ ಕಾಗೆಯ ಹಾಗೆ ಕಾಣುತ್ತದೆ.
ಇಪ್ಪತ್ತೆಂಟು ವರ್ಷ ತಂಪು ಮಾಡಿದ ಕೈ.
ಈ ಕೈಗೆ ಜವನಯ್ಯ
ಒಂದು ಉಗಿಯಂತ್ರ ತಂದಿಟ್ಟ.

ಟವೆಲಿನಲ್ಲಿ ಸುತ್ತಿ ತಂದಿದ್ದ, ನಾಟಿಕೋಳಿ ತರುವ ಹಾಗೆ.
ಪಾಲಿಟೆಕ್ನಿಕ್ ಲ್ಯಾಬಿನ ಅಟೆಂಡರು;
ಹಳೇ ಸಾಮಾನು ಹರಾಜಾದ ದಿನ
ಹಿತ್ತಾಳೆ ತೂಕಕ್ಕೆ ಕೊಂಡನಂತೆ, ಎರಡೂಕಾಲು ಕಿಲೋ.
'ಮಕ್ಕಳಿಗೆ ಗಾಳೀಲಿ ಓಡಿಸಿ ತೋರ್ಸೋರು ಸಾಬ್ರೇ,
ಕಂಪ್ರೆಸರ್ ಗಾಳಿ, ಪ್ಲಾಸ್ಟಿಕ್ ಪೈಪು.
ಹತ್ತೊಂಬತ್ತು ವರ್ಷ ನಾನೇ ನಲ್ಲಿ ತಿರುವಿದೆ.
ಹೆಸರು ಮಾತ್ರ ಉಗಿಯಂತ್ರ.
ಒಂದ್ಸಲನಾದ್ರೂ ಉಗಿ ಕುಡೀಲಿ.'

ನಗು ಬಂತು. ನಗಲಿಲ್ಲ.

ಇದಕ್ಕೆ ಬೇರೆ ವಾಲ್ವೇ ಇಲ್ಲ ನೋಡಿ.
ಸಿಲಿಂಡರೇ ತೊಟ್ಟಿಲು, ಒಂದೇ ಗೂಟದ ಮೇಲೆ ತೂಗುತ್ತದೆ.
ಅತ್ತ ವಾಲಿದರೆ ಅದರ ತೂತು ಒಳಗಂಡಿಗೆ ಬಾಯಿಡುತ್ತದೆ,
ಇತ್ತ ವಾಲಿದರೆ ಹೊರಗಂಡಿಗೆ.
ನಾವು ಆಯ್ತು ಅನ್ನುವಾಗ ತಲೆ ಅಡ್ಡಡ್ಡ ತೂಗುತ್ತೇವಲ್ಲ,
ಹಾಗೆ. ಆಯ್ತು, ಆಯ್ತು.
ಅದರಲ್ಲೇ ಅದರ ಊಟ, ಅದರಲ್ಲೇ ಉಸಿರು.

ಗಾಳಿ ಒರಟನ್ನು ಸಹಿಸಿತ್ತು. ಉಗಿ ಸಹಿಸದು.
ಕೆಟ್ಟ ಫ್ರಿಜ್ಜಿನ ತರಕಾರಿ ಡಬ್ಬದ ಗಾಜು ಕಿತ್ತು
ಮೇಲೆ ಎಮರಿ ಹಿಟ್ಟು, ಎರಡು ತೊಟ್ಟು ಎಣ್ಣೆ,
ಹಿತ್ತಾಳೆ ಮುಖವನ್ನು ಅದರ ಮೇಲೆ ಉಜ್ಜಿದೆ,
ಇಂಗ್ಲಿಷಿನ ಎಂಟು ಬರೆಯುತ್ತಾ, ಮೂರು ಸಂಜೆ.
ಮಗಳ ಕಾಡಿಗೆ ಕದ್ದು ಸವರಿ ಒತ್ತಿ ನೋಡಿದರೆ
ಮಧ್ಯದಲ್ಲಿ ಇನ್ನೂ ತಗ್ಗು.
ಮತ್ತೆ ಎಂಟು. ಮತ್ತೆ ಕಾಡಿಗೆ.
'ಯಾರಿಗೆ ಸಿಂಗಾರ?' ಎಂದಳು. ಏನು ಹೇಳಲಿ.

ಕಾಲಿಂಚಿನ ತಾಮ್ರದ ಪೈಪು ಮಾತ್ರ ನನ್ನ ಬಳಗ.
ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಉಕ್ಕು ಹಟ ಹಿಡಿಯುತ್ತದೆ,
ತಾಮ್ರ ಮೆತ್ತಗಾಗುತ್ತದೆ.
ಎದುರು ಕಟ್ಟಡದವರ ಎಂ ಸ್ಯಾಂಡು ಜರಡಿ ಹಿಡಿದು
ಒಳಗೆ ತುಂಬಿ, ಹೆಬ್ಬೆರಳಲ್ಲಿ ಬಗ್ಗಿಸಿದೆ,
ಒಂದೂ ನೆರಿಗೆ ಬೀಳಲಿಲ್ಲ.
ಬಾಯ್ಲರಿಗೆ ದಪ್ಪ ತಾಮ್ರ, ಬೆಳ್ಳಿ ಬೆಸುಗೆ;
ತಣ್ಣೀರು ತುಂಬಿ ಎರಡರಷ್ಟು ಒತ್ತಿ ರಾತ್ರಿಯಿಡೀ ಬಿಟ್ಟೆ,
ಮುಳ್ಳು ಕದಲಲಿಲ್ಲ.
ನಡುವೆ ಎಣ್ಣೆಯ ಪುಟ್ಟ ಕುಡಿಕೆ:
ಉಗಿ ಒಳಬಂದು ತಣಿದು ನೀರಾಗಿ ತಳಕ್ಕಿಳಿಯುತ್ತದೆ,
ಇಳಿದಷ್ಟು ಎಣ್ಣೆ ಏರಿ ಪೈಪಿಗೆ ಸೇರುತ್ತದೆ.
ಯಾರೂ ತಳ್ಳಬೇಕಿಲ್ಲ.

ಹೊರಗಂಡಿಯ ಪೈಪು ಹಚ್ಚುವಾಗ ಕೈ ತಡೆಯಿತು.
ನನ್ನ ಕಸುಬಿನಲ್ಲಿ ಹೋದದ್ದು ಬರಲೇಬೇಕು.
ಸುತ್ತು ಮುಚ್ಚಿರಬೇಕು; ಸೋರಿದರೆ
ಗಿರಾಕಿಯ ಐಸ್ಕ್ರೀಮು ಕರಗಿ ನನ್ನ ಮರ್ಯಾದೆಗೆ ಅಂಟುತ್ತದೆ.
'ಇದು ವಾಪಸ್ ಎಲ್ಲಿಗೆ ಬರುತ್ತೆ?'
'ಎಲ್ಲಿಗೂ ಇಲ್ಲ. ಹೋಗುತ್ತೆ.'
ಪೈಪನ್ನು ಕಿಟಕಿಗೆ ತಿರುಗಿಸಿ ಬಿಟ್ಟೆ.

ಶುಕ್ರವಾರ ನಮಾಜ್ ಮುಗಿಸಿ ಬಂದು ಬರ್ನರ್ ಹಚ್ಚಿದೆ.
ಹುಡುಗ ಸಾದಿಕ್ ಅಭ್ಯಾಸಬಲದಿಂದ
ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿದ;
ನೊರೆ ಸುಯ್ಯೆಂದು ಒಣಗಿ ಬಿಳಿ ಕಲೆಯಾಯಿತು.
ಮುಳ್ಳು ಎರಡಕ್ಕೆ ಬಂತು. ನಲ್ಲಿ ತಿರುವಿದೆ.
ಏನಿಲ್ಲ.
ಆಮೇಲೆ ಕೆಮ್ಮು. ಸಿಲಿಂಡರು ಮುಖ ಎತ್ತಿ
ಜವನಯ್ಯನ ಅಂಗಿಗೆ ಎಣ್ಣೆನೀರು ಉಗುಳಿತು.
ಸ್ಪ್ರಿಂಗು ಅರ್ಧ ಸುತ್ತು ಬಿಗಿದೆ. ಜಾಸ್ತಿಯಾಯಿತು. ಕಾಲು ಸಡಿಲ.
ಬೆರಳಿಂದ ಚಕ್ರ ಮೀಟಿದೆ, ಮೊಂಡಾಟ;
ಎದುರು ದಿಕ್ಕಿಗೆ ಮೀಟಿದ್ದೇ ತಡ
ಹಿಡಿದುಕೊಂಡಿತು ನೋಡಿ. ಕಿಟಕಿಯಾಚೆ ಪುಸುಪುಸು,
ಆಯ್ತಾಯ್ತಾಯ್ತಾಯ್ತಾಯ್ತು.

ಓಡಿದ್ದು ಹಿಂದಕ್ಕೆ.
ಒಳಪೈಪು ಹೊರಗೆ, ಹೊರಪೈಪು ಒಳಗೆ. ನನ್ನದೇ ತಪ್ಪು.
ಆ ಇಕ್ಕಟ್ಟಿನಲ್ಲಿ ಬಗ್ಗಿಸುವಾಗ
ನಾನು ಕಿಟಕಿಯನ್ನೇ ಯೋಚಿಸುತ್ತಿದ್ದೆ.
'ಹತ್ತು ನಿಮಿಷ, ಬದಲಿಸಿ ಕೊಡ್ತೀನಿ' ಎಂದೆ.
ಜವನಯ್ಯ ಅಂಗಿ ಒರೆಸಿಕೊಳ್ಳುವುದನ್ನೂ ಬಿಟ್ಟು ನೋಡುತ್ತಿದ್ದ.
'ಇರ್ಲಿ. ಮುಂದಕ್ಕೆ ಓಡಿದ್ದು ಬೇಕಾದಷ್ಟು ನೋಡಿವ್ನಿ.'

ಬಿಲ್ ಪುಸ್ತಕ ತೆಗೆದೆ.
ಕೈ ತಾನಾಗಿ ಬರೆಯಿತು: ಗ್ಯಾಸ್ ಚಾರ್ಜಿಂಗ್.
ಹೊಡೆದುಹಾಕಿ ಉಗಿ ಎಂದು ಬರೆದೆ, ಎದುರಿಗೆ ಎಷ್ಟು ಹಾಕಲಿ?
ಕೆಳಗೆ ಎಂದಿನಂತೆ ಅಚ್ಚಾಗಿತ್ತು:
ಗ್ಯಾಸಿಗೆ ಗ್ಯಾರಂಟಿ ಇರುವುದಿಲ್ಲ.
ಸಾಲಿನಲ್ಲಿ ಕಾಯುತ್ತಿದ್ದ ಫ್ರಿಜ್ಜುಗಳ ಬಾಗಿಲೆಲ್ಲ
ಬೆವೆತಿದ್ದವು.